ಸ್ಟಾಕ್‌ಫಿಶ್‌ಗೆ ವೈವಾ

ಚದುರಂಗದಲ್ಲಿ ನನ್ನ ಯೋಗ್ಯತೆ ಏನೆಂದು ನಮ್ಮ ಬೀದಿಗೆಲ್ಲ ಗೊತ್ತು. ಎದುರುಮನೆಯ ಐದನೇ ಕ್ಲಾಸಿನ ಹುಡುಗ ಚಕ್ಕುಲಿ ತಿನ್ನುತ್ತಲೇ ನನ್ನ ಮಂತ್ರಿಯನ್ನು ಎತ್ತಿಕೊಂಡು ಹೋಗುತ್ತಾನೆ. ಆದರೇನು, ಗ್ರಾಂಡ್‌ಮಾಸ್ಟರುಗಳನ್ನೂ ಲೆಕ್ಕಕ್ಕಿಡದ ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮಿಗೆ ನಮ್ಮ ಮನೆಯಲ್ಲಿ ಪರೀಕ್ಷಕ ನಾನೇ. ಕಷ್ಟದ ಸನ್ನಿವೇಶವೊಂದನ್ನು ಲ್ಯಾಪ್‌ಟಾಪಿನಲ್ಲಿ ಜೋಡಿಸಿ, ಗೆಲ್ಲುವ ನಡೆಯನ್ನು ಅದು ಎಷ್ಟು ಸೆಕೆಂಡಿನಲ್ಲಿ ಹುಡುಕುತ್ತದೆಂದು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಕೂರುವುದು ನನ್ನ ಭಾನುವಾರದ ಉದ್ಯೋಗ. ಪರೀಕ್ಷಕನಿಗೆ ಬೇಕಾದ ಅರ್ಹತೆ ಒಂದೇ, ಉತ್ತರ ಮೊದಲೇ ಗೊತ್ತಿರಬೇಕು. ಅದು ನನ್ನ ಬಳಿ ಅಚ್ಚಾಗಿ ಬಂದಿದೆ.

ಪ್ರಶ್ನೆಪತ್ರಿಕೆಗಳಿಗೂ ಬರವಿಲ್ಲ. ಫ್ರೆಡ್ ರೈನ್‌ಫೆಲ್ಡ್ ಮನುಷ್ಯರಿಗೆಂದು ಬರೆದ ‘ವಿನ್ ಅಟ್ ಚೆಸ್’ ಪುಸ್ತಕದ 300 ಸಮಸ್ಯೆಗಳನ್ನು ಪ್ರೋಗ್ರಾಮ್ ಬರೆಯುವವರು ಹಾಗೇ ಎತ್ತಿ ಯಂತ್ರಗಳ ಮುಂದಿಟ್ಟರು. ಇವಾನ್ ಬ್ರಾಟ್ಕೊ ಮತ್ತು ಡ್ಯಾನಿ ಕೋಪೆಕ್ ಸೇರಿ 1982ರಲ್ಲಿ ಪ್ರಕಟಿಸಿದ್ದು 24 ಸನ್ನಿವೇಶಗಳ ಪರೀಕ್ಷೆ, ಒಂದೊಂದಕ್ಕೆ ಎರಡೇ ನಿಮಿಷ.

ನನಗೆ ಪ್ರಿಯವಾದ ಪ್ರಶ್ನೆ ಮಾತ್ರ ಪುಸ್ತಕದ್ದಲ್ಲ, ಆಟದ್ದು. 1998, ಲಿನಾರೆಸ್, ಟೊಪಾಲೊವ್ ಎದುರು ಶಿರೋವ್. ಕಪ್ಪು ಶಿರೋವ್‌ಗೆ ಎರಡು ಕಾಲಾಳು ಹೆಚ್ಚು. ಆದರೆ ಉಳಿದಿದ್ದ ಒಂಟೆಗಳಲ್ಲಿ ಒಂದು ಬಿಳಿ ಮನೆಯದು, ಇನ್ನೊಂದು ಕಪ್ಪು ಮನೆಯದು. ಅವು ಎಂದೂ ಮುಖಾಮುಖಿಯಾಗುವುದಿಲ್ಲ, ಇಂಥ ಆಟ ಸಾಮಾನ್ಯವಾಗಿ ಡ್ರಾ. ಶಿರೋವ್ ತನ್ನ ಒಂಟೆಯನ್ನು ತೆಗೆದು ಎಚ್3ರಲ್ಲಿ, ಎದುರಾಳಿಯ ಕಾಲಾಳಿನ ಬಾಯಿಗೇ ಇಟ್ಟುಬಿಟ್ಟ! ಕಾರಣ ಕೇಳಿದರೆ ನಗು ಬರುತ್ತದೆ. ಆ ಒಂಟೆ ಎಫ್5ರಲ್ಲಿ ಕೂತು ಸ್ವಂತ ರಾಜನ ದಾರಿಗೇ ಅಡ್ಡವಾಗಿತ್ತು. ಸುಮ್ಮನೆ ಪಕ್ಕಕ್ಕೆ ಸರಿಸಿದರೆ ಅಷ್ಟರಲ್ಲಿ ಬಿಳಿ ರಾಜ ಓಡಿಬಂದು ಬಾಗಿಲು ಹಾಕುತ್ತಾನೆ. ಬೆದರಿಕೆ ಹಾಕುತ್ತಾ ಸರಿದರೆ ಒಂದು ಹೆಜ್ಜೆ ಉಳಿಯುತ್ತದೆ, ಕಪ್ಪು ರಾಜ ಎಫ್5 ಹಾದು ಇ4 ತಲುಪುತ್ತಾನೆ. ಆ ಒಂದು ಹೆಜ್ಜೆಗೆ ಬೆಲೆ ಇಡೀ ಒಂಟೆ.

ಆ ಕಾಲದ ಪ್ರೋಗ್ರಾಮುಗಳಿಗೆ ಇದು ನುಂಗಲಾರದ ತುತ್ತಾಗಿತ್ತು. ಅವು ಎಲ್ಲ ನಡೆಗಳನ್ನೂ ಒಂದೇ ಆಳಕ್ಕೆ ನೋಡುತ್ತಾ ಕೂರುವುದಿಲ್ಲ. ಮೇಲ್ನೋಟಕ್ಕೇ ದಡ್ಡತನ ಅನ್ನಿಸಿದ್ದನ್ನು ಬದಿಗೆ ತಳ್ಳಿ, ಉಳಿದಿದ್ದನ್ನು ಆಳಕ್ಕೆ ಕೆದಕುತ್ತವೆ. ಒಂಟೆಯನ್ನು ಪುಕ್ಕಟೆ ಕೊಡುವುದು, ಆಮೇಲೆ ಚೆಕ್ಕೂ ಇಲ್ಲ, ಹೊಡೆತವೂ ಇಲ್ಲ, ರಾಜ ಮೆಲ್ಲಗೆ ನಡೆದು ಹೋಗುವುದು ಎಂದರೆ ಯಾವ ಯಂತ್ರ ತಾನೇ ನಂಬೀತು? ಹಳೆಯ ಪ್ರೋಗ್ರಾಮೊಂದಕ್ಕೆ ಇದನ್ನು ಕೊಟ್ಟು ನಾನು ಊಟ ಮುಗಿಸಿ ಬಂದೆ, ಒಂದು ಕೋಳಿನಿದ್ದೆಯನ್ನೂ ತೆಗೆದೆ. ಎದ್ದು ನೋಡಿದರೆ ಫ್ಯಾನು ಬುಸುಗುಡುತ್ತಿದೆ, ಒಂಟೆ ಇದ್ದಲ್ಲೇ ಇದೆ.

“ಪಾಪ, ಅದಕ್ಕೆ ಗೊತ್ತಾಗ್ತಿಲ್ಲ ಅಂದ್ರೆ ನೀವೇ ಹೇಳಿಕೊಡಬಾರದೇನ್ರೀ?” ಎಂದಳು ಹೆಂಡತಿ.

ಹೇಳಿಕೊಟ್ಟರೆ ಪರೀಕ್ಷೆ ಹೇಗಾಗುತ್ತದೆ? ಈ ವಿದ್ಯಾರ್ಥಿ ಕಾಪಿ ಹೊಡೆಯುವುದರಲ್ಲಿ ಮೊದಲೇ ನಿಸ್ಸೀಮ. ಒಮ್ಮೆ ಲೆಕ್ಕ ಹಾಕಿದ್ದನ್ನು ಹ್ಯಾಶ್ ಟೇಬಲ್ ಎಂಬ ನೆನಪಿನ ಚೀಲದಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಖಾಲಿ ಮಾಡದೆ ಎರಡನೇ ಸಲ ಕೇಳಿದರೆ ಕಣ್ಣು ಮಿಟುಕಿಸುವುದರಲ್ಲಿ ಉತ್ತರ! ಇನ್ನು ಕೆಲವು ಸಲ ಮೂರನೇ ಸೆಕೆಂಡಿಗೇ ಸರಿಯಾದ ನಡೆ ತೋರಿಸಿ, ನಾನು ವಾಚ್ ನಿಲ್ಲಿಸುವಷ್ಟರಲ್ಲಿ ಮನಸ್ಸು ಬದಲಾಯಿಸಿ ಬೇರೆಲ್ಲೋ ಅಲೆದು, ಬಹಳ ಹೊತ್ತಿನ ಮೇಲೆ ಅದಕ್ಕೇ ಮರಳುತ್ತದೆ. ಅಂಕ ಯಾವುದಕ್ಕೆ? ಕೊನೆಗೆ ಪಟ್ಟಾಗಿ ಹಿಡಿದುಕೊಂಡ ಹೊತ್ತಿಗೆ ಮಾತ್ರ ಎನ್ನುವುದು ನನ್ನ ಕಾನೂನು. ಹಲವು ಕೋರುಗಳನ್ನು ಒಟ್ಟಿಗೆ ಓಡಿಸಿದರಂತೂ ಅದೇ ಪ್ರಶ್ನೆಗೆ ಒಂದೊಂದು ಸಲ ಒಂದೊಂದು ಸಮಯ. ಇಷ್ಟೆಲ್ಲ ಆಗಿ ರ‍್ಯಾಂಕ್ ಬಂದ ಪ್ರೋಗ್ರಾಮು ನಿಜವಾದ ಆಟದಲ್ಲಿ ಗೆಲ್ಲುತ್ತದೆ ಎಂದೇನೂ ಇಲ್ಲ. ಎಲ್ಲೆಲ್ಲೂ ಬಲಿದಾನ ಹುಡುಕುವಂತೆ ತಿದ್ದಿದ ಪ್ರೋಗ್ರಾಮು ಸಪ್ಪೆ ಸನ್ನಿವೇಶದಲ್ಲೂ ಕುದುರೆ ಕೊಟ್ಟು ಕೈ ಸುಟ್ಟುಕೊಳ್ಳುತ್ತದೆ. ಗೈಡ್ ಓದಿ ಪಾಸಾದವರ ಕಥೆ ನಮಗೇನು ಹೊಸದೇ?

ಮೊನ್ನೆ ಬಂದಿದ್ದ ನನ್ನ ಅಕ್ಕನ ಮಗ ಇದನ್ನೆಲ್ಲ ಗಮನವಿಟ್ಟು ಕೇಳಿ, “ಮಾಮ, ಆ ಬ್ರಾಟ್ಕೊ-ಕೋಪೆಕ್ ಪರೀಕ್ಷೇನ ಮನುಷ್ಯರಿಗೂ ಕೊಟ್ಟಿದ್ರಂತಲ್ಲ?” ಎಂದ. ನಿಜ, ಕೊಟ್ಟಿದ್ದರು. ಹೌದೆನ್ನುವಷ್ಟರಲ್ಲಿ ನಾನು ಕಂಡರಿಯದ ಸನ್ನಿವೇಶವೊಂದು ನನ್ನ ಮುಂದಿತ್ತು, ನನ್ನದೇ ಮೊಬೈಲಿನ ಸ್ಟಾಪ್‌ವಾಚ್ ಅವನ ಕೈಯಲ್ಲಿ. ಆನೆ ಕೊಡಲೋ, ಕುದುರೆ ಎತ್ತಲೋ ಎನ್ನುವಷ್ಟರಲ್ಲಿ ಒಂದು ನಿಮಿಷ ಕಳೆಯಿತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು, “ಕಾಫಿಗೆ ಸಕ್ಕರೆ ಎಷ್ಟು ಹಾಕಲಿ?”

“ಒಂದೂವರೆ ಚಮಚ!”

“ಅರ್ಧ ಸೆಕೆಂಡ್,” ಎಂದು ಅಕ್ಕನ ಮಗ ಬರೆದುಕೊಂಡ. ಆ ಕಡೆ ಆಟದ ಗಡಿಯಾರ ಓಡುತ್ತಲೇ ಇತ್ತು.