ಡಿಪ್ಲೊಮಾ ಮಕ್ಕಳ ಮೊದಲ ವರ್ಷದ ಲ್ಯಾಬು

“ಎಂತ ಮಾಷ್ಟ್ರೆ ಇದು? ಹುಡುಗನನ್ನು ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿಸಿದ್ದು ಮೆಷಿನ್ ಕೆಲಸ ಕಲೀಲಿ ಅಂತ. ಅಲ್ಲಿ ನೋಡಿದ್ರೆ ತಂತಿ ಅಳೆಯುವುದು, ನೂಲಿಗೆ ಗುಂಡು ಕಟ್ಟಿ ತೂಗುವುದು! ಇದೆಲ್ಲ ಹೈಸ್ಕೂಲಿನಲ್ಲೇ ಆಗ್ಬೇಕಿತ್ತಲ್ವಾ?” ಪಾಗಾರದ ಆಚೆ ಬಟ್ಟೆ ತೆಗೆಯುತ್ತಿದ್ದ ಅಕ್ಕ ಕೇಳಿದರು.

ಆಗ್ಬೇಕಿತ್ತು ಅಕ್ಕ. ಹೆಚ್ಚಿನ ಕಡೆ ಮೇಷ್ಟ್ರು ಮಾಡಿ ತೋರಿಸುತ್ತಾರೆ, ಮಕ್ಕಳು ದೂರದಿಂದ ನೋಡುತ್ತಾರೆ, ಅಷ್ಟೇ. ನಿಮ್ಮ ಮಗನಿಗೆ ಈ ವಿಜ್ಞಾನದ ಲ್ಯಾಬು ಇನ್ನೊಂದು ಸಲ ಸಿಗುವುದಿಲ್ಲ, ಅದು ನೆನಪಿರಲಿ. ಪಿಯುಸಿ ಸಯನ್ಸಿಗೆ ಹೋದವನಿಗೆ ಎರಡು ವರ್ಷ ಪ್ರಾಕ್ಟಿಕಲ್ ಉಂಟು, ಬಿಇ ಮೊದಲ ವರ್ಷದಲ್ಲಿ ಮತ್ತೊಮ್ಮೆ ಉಂಟು. ಡಿಪ್ಲೊಮಾದವ ಮೂರು ವರ್ಷ ಮುಗಿಸಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ನಮ್ಮ ಬಂಟಕಲ್ಲಿನ ಇಂಜಿನಿಯರಿಂಗ್ ಕಾಲೇಜಿಗೇ ಸೇರಿದರೂ ನೇರ ಎರಡನೇ ವರ್ಷದಲ್ಲಿ ಕೂರುತ್ತಾನೆ. ಮೊದಲ ವರ್ಷದ ಲ್ಯಾಬು ಅವನ ಪಾಲಿಗೆ ಬರುವುದೇ ಇಲ್ಲ. ಮಂಗಳೂರು ಕದ್ರಿಯ ಸರ್ಕಾರಿ ಪಾಲಿಟೆಕ್ನಿಕ್ ಕೆಪಿಟಿ ಶುರುವಾದದ್ದು 1946ರಲ್ಲಿ. ಆಮೇಲೆ ಮಣಿಪಾಲ, ನಿಟ್ಟೆ ಎಂದು ಹತ್ತಿರದಲ್ಲೇ ಪಾಲಿಟೆಕ್ನಿಕ್‌ಗಳಾದವು. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿಗೆ ಹೋಗುವ ಮಕ್ಕಳಿಗೆ ವಿಜ್ಞಾನದ ಲ್ಯಾಬಿನ ಉಪಕರಣ ಕೈಗೆ ಬರುವುದೇ ಆ ಒಂದು ವರ್ಷ.

ತಂತಿ ಅಳೆಯುವುದು ಅಂದಿರಲ್ಲ, ಅದನ್ನೇ ಹೇಳುತ್ತೇನೆ. ಸ್ಕ್ರೂ ಗೇಜಿನಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಪಾಲನ್ನು ಓದಬಹುದು. ಮೊದಲು ತಂತಿ ಇಡದೆಯೇ ತಿರುಪನ್ನು ಪೂರ್ತಿ ಮುಚ್ಚಿ ನೋಡಬೇಕು. ಸೊನ್ನೆ ಗೆರೆಯ ಮೇಲೆ ಕೂತಿತೋ, ನಾಲ್ಕು ಗೀಟು ಆಚೀಚೆ ಆಯಿತೋ? ಅದು ಝೀರೋ ಎರರ್. ಓದಿದ ಲೆಕ್ಕದಲ್ಲಿ ಅದನ್ನು ಸರಿಪಡಿಸಬೇಕು. ಆಮೇಲೆ ತಂತಿ ಇಟ್ಟು ತುದಿಯ ರ‍್ಯಾಚೆಟ್ ಹಿಡಿದು ತಿರುಗಿಸುವುದು. ಟಿಕ್ ಟಿಕ್ ಅಂದ ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ತಾಮ್ರ ಅಮುಕಿ ಹೋಗುತ್ತದೆ. ಮನೆಯ ಲೈಟಿಗೆ ಎಳೆಯುವ 1.5 ಚದರ ಮಿಲಿಮೀಟರ್ ವಯರು ಒಂಟಿ ಎಳೆಯದ್ದಾದರೆ ಅದರ ವ್ಯಾಸ ಸುಮಾರು 1.38 ಮಿಲಿಮೀಟರ್. ಹುಡುಗ ಅದನ್ನು 1.28 ಎಂದು ಓದಿದ ಎನ್ನಿ. ತಪ್ಪಿದ್ದು ಹತ್ತನೇ ಒಂದು ಮಿಲಿಮೀಟರ್. ವ್ಯಾಸದ ವರ್ಗದ ಮೇಲೆ ಲೆಕ್ಕ ಹೋಗುವುದರಿಂದ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಶೇಕಡಾ 14ರಷ್ಟು ಕಡಿಮೆ ಬಂತು! ನಾಳೆ ಲೇತಿನ ಮುಂದೆ ನಿಂತಾಗ ಅವನಿಗೆ ಬೇಕಾಗುವುದು ಇದೇ ಕೈ, ಇದೇ ಕಣ್ಣು.

ಗುಂಡು ತೂಗುವುದೂ ಹಾಗೆಯೇ. ಒಂದು ಮೀಟರ್ ನೂಲಿನ ಲೋಲಕ ಹೋಗಿ ಬರಲು ಹತ್ತಿರ ಹತ್ತಿರ ಎರಡು ಸೆಕೆಂಡು ಬೇಕು. ವಾಚು ಒತ್ತುವುದರಲ್ಲಿ ಅರ್ಧ ಸೆಕೆಂಡು ತಪ್ಪಿದರೆ ಎರಡರಲ್ಲಿ ಕಾಲು ಭಾಗವೇ ಹೋಯಿತು. ಇಪ್ಪತ್ತು ಸಲ ತೂಗಲು ಬಿಟ್ಟು ನಲವತ್ತು ಸೆಕೆಂಡು ಅಳೆದರೆ ಅದೇ ಅರ್ಧ ಸೆಕೆಂಡಿನ ತಪ್ಪು ಶೇಕಡಾ ಒಂದೂಕಾಲಕ್ಕೆ ಇಳಿಯುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳ ತಲೆಗೆ ಹೋಗುವುದಿಲ್ಲ, ಎರಡೂ ರೀತಿ ಅವರೇ ಮಾಡಿ ನೋಡಬೇಕು. ಈ ಲೋಲಕದಿಂದ ಕಂಡುಹಿಡಿಯುವ ಗುರುತ್ವ ವೇಗೋತ್ಕರ್ಷಕ್ಕೆ ಸೀನಿಯರನ ರೆಕಾರ್ಡ್ ನೋಡಿ ಬರೆದ 9.8ಕ್ಕಿಂತ ಅವನೇ ಅಳೆದು ತಂದ 9.5 ನನಗೆ ದೊಡ್ಡದು. ಅಂಥ ಉತ್ತರಕ್ಕೆ ಮಾರ್ಕು ಕತ್ತರಿಸಿದರೆ ಮಕ್ಕಳು ಕಾಪಿ ಹೊಡೆಯುವುದನ್ನೇ ಕಲಿಯುತ್ತಾರೆ.

“ಈಗ ಮೊಬೈಲಿನಲ್ಲೇ ಎಂತದೋ ವರ್ಚುವಲ್ ಲ್ಯಾಬ್ ಉಂಟಂತಲ್ಲ?”

ಉಂಟು, ಸುರತ್ಕಲ್ಲಿನ ಎನ್‌ಐಟಿಕೆಯವರೂ ಆ ಯೋಜನೆಯಲ್ಲಿದ್ದಾರೆ. ಒಳ್ಳೆಯದೇ. ಹಿಂದಿನ ರಾತ್ರಿ ಅದರಲ್ಲಿ ನೋಡಿಕೊಂಡು ಹೋದರೆ ಬೆಳಿಗ್ಗೆ ಲ್ಯಾಬಿನಲ್ಲಿ ಪರದಾಡಬೇಕಾಗಿಲ್ಲ. ಅದು ಸಾಕು ಎಂದು ನಿಜವಾದ ಉಪಕರಣ ಕೊಳ್ಳುವುದನ್ನು ಯಾರೂ ನಿಲ್ಲಿಸಬಾರದು. ಪರದೆಯ ಮೇಲಿನ ಗೇಜಿಗೆ ತುಕ್ಕಿಲ್ಲ, ಸವೆತ ಇಲ್ಲ. ನಮ್ಮೂರಲ್ಲಿ ಜೂನ್ ಬಂದರೆ ನಾಲ್ಕು ತಿಂಗಳು ಒದ್ದೆ ಗಾಳಿ. ಲೆನ್ಸಿಗೆ ಬೂಸ್ಟು, ವರ್ನಿಯರಿಗೆ ತುಕ್ಕು, ತೂಕದ ಕಲ್ಲಿಗೆ ಕಿಲುಬು. ದಿನಾ ಒರೆಸಿ, ಎಣ್ಣೆ ಸವರಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಇಡುವ ಒಬ್ಬ ಅಟೆಂಡರ್ ಇದ್ದರೆ ಲ್ಯಾಬು ಉಳಿಯಿತು. ಆ ಹುದ್ದೆ ಖಾಲಿ ಬಿದ್ದಿತೋ, ಎಷ್ಟು ದುಬಾರಿ ಸಾಮಾನು ತಂದರೂ ಎರಡು ಮಳೆಗಾಲ ಬಾಳಲಿಕ್ಕಿಲ್ಲ.

ಪೋಷಕರ ಸಭೆಗೆ ಕರೆದರೆ ತಪ್ಪಿಸಬೇಡಿ ಅಕ್ಕ. ಒಂದು ಸ್ಕ್ರೂ ಗೇಜಿಗೆ ಎಷ್ಟು ಮಕ್ಕಳು ಎಂದು ಕೇಳಿ. ಇಬ್ಬರಾದರೆ ಸರಿ. ಆರು ಜನ ಸುತ್ತ ನಿಂತರೆ ಒಬ್ಬ ಅಳೆಯುತ್ತಾನೆ, ಒಬ್ಬ ಬರೆಯುತ್ತಾನೆ, ಉಳಿದ ನಾಲ್ವರು ಕಿಟಕಿಯಾಚೆ ನೋಡುತ್ತಾರೆ.

ಮತ್ತೆ, ಲ್ಯಾಬಿನ ಕೆಲಸ ಮನೆಗೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ತಮ್ಮ ಕಾಪುವಿನಲ್ಲಿ ಕಡಲ ಹತ್ತಿರ ಮನೆ ಕಟ್ಟಿಸುತ್ತಿದ್ದಾರಲ್ಲ, ಕಾಂಕ್ರೀಟಿಗೆ ಯಾವ ನೀರು? ಅಲ್ಲಿಯದೇ ಬಾವಿಯದ್ದಾ? ಕಡಲ ಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ಕಬ್ಬಿಣದ ಸರಳು ಹಾಕುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕೆಳಗಿರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲಿ ಉಂಟು. ಉಪ್ಪು ಸೇರಿದರೆ ಒಳಗಿನ ಸರಳಿಗೆ ತುಕ್ಕು ಹಿಡಿದು ಉಬ್ಬುತ್ತದೆ, ತಾರಸಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ನೀರಿನಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ನೋಡಲು ಬ್ಯುರೆಟ್, ಸಿಲ್ವರ್ ನೈಟ್ರೇಟ್, ಎರಡು ಹನಿ ಪೊಟ್ಯಾಸಿಯಂ ಕ್ರೋಮೇಟ್ ಇದ್ದರೆ ಆಯಿತು. ಹಳದಿ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿದ ಕ್ಷಣ ನಿಲ್ಲಿಸಿ ಬ್ಯುರೆಟ್ ಓದುವುದು. ಪಾಲಿಟೆಕ್ನಿಕ್‌ನ ಹುಡುಗ ಮಾಡಬಹುದಾದ ಟೈಟ್ರೇಶನ್. ತಮ್ಮನಿಗೆ ಫೋನ್ ಮಾಡಿ ಒಂದು ಬಾಟಲಿ ನೀರು ತರಿಸಿ. ಸೋಮವಾರ ಹುಡುಗ ತಗೊಂಡು ಹೋಗಿ ಸರ್ ಹತ್ತಿರ ಕೇಳಲಿ, ಲ್ಯಾಬ್ ಮುಗಿದ ಮೇಲೆ ಅರ್ಧ ಗಂಟೆ ಮಾಡಲು ಬಿಟ್ಟಾರು. ಲಿಂಟಲಿಗೆ ಕಾಂಕ್ರೀಟು ಬೀಳುವುದರೊಳಗೆ ಗೊತ್ತಾದರೆ ಟ್ಯಾಂಕರಿಗೆ ಹೇಳಲಿಕ್ಕೆ ಸಮಯ ಉಂಟು.