ಇಪ್ಪತ್ತೆಂಟರ ಮಂಡಲಕ್ಕೆ ದಿನ ನಿಶ್ಚಯ: ಒಂದು ಶಾಸ್ತ್ರೀಯ ವಿಚಾರಣೆ

ಯಾವ ವಿಚಾರಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳು ಬೇಕೆಂಬುದು ಮೀಮಾಂಸಕರ ಮತ. ಯಲ್ಲಾಪುರ ತಾಲೂಕಿನ ಇಡಗುಂದಿಯಲ್ಲಿ ಇಸ್ಪೀಟಿನ ಮಂಡಲ ಯಾವ ರಾತ್ರಿ ಕೂರಬೇಕು ಎಂಬುದು ಇಲ್ಲಿ ವಿಷಯ. ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದರೆ ಅದು ತೀರ್ಮಾನವಾದೀತೇ ಎಂಬುದು ಸಂಶಯ.

ಪೂರ್ವಪಕ್ಷಿ ಗ್ರೂಪಿನ ಅಡ್ಮಿನ್. ಬೆಂಗಳೂರಿನ ಕಂಪನಿಯ ಕೆಲಸವನ್ನು ತೋಟದ ಮನೆಯ ಜಗಲಿಯಲ್ಲೇ ಕೂತು ಮಾಡುವ ಮಾಣಿ. ಅವನ ವಾದ ಸರಳ. 2022ರ ನವೆಂಬರಿನಲ್ಲಿ ವಾಟ್ಸಾಪಿಗೆ ಪೋಲ್ ಬಂದಿದೆ, 12 ಆಯ್ಕೆ ಇಡಬಹುದು, ಒಬ್ಬರೇ ಎಷ್ಟು ದಿನಕ್ಕಾದರೂ ಒತ್ತಬಹುದು. ಹೆಚ್ಚು ಓಟು ಬಿದ್ದ ದಿನ ಕಂಬಳಿ ಹಾಸಿದರಾಯಿತು.

ಹೆಚ್ಚು ಓಟು ಬಿದ್ದದ್ದೇ ಒಳ್ಳೆಯ ದಿನ ಎಂಬುದು ಇಸ್ಪೀಟು ಅರಿಯದವನ ಮಾತು. ಇಪ್ಪತ್ತೆಂಟಕ್ಕೆ 32 ಎಲೆ, ನಾಲ್ಕು ಜನ, ತಲೆಗೆ ಎಂಟು. ಐವತ್ತಾರಕ್ಕೆ ಎರಡು ಪ್ಯಾಕಿನಿಂದ ಆರಿಸಿದ 48 ಎಲೆ, ಆರು ಜನ. ಐದು ಜನಕ್ಕೆ ಎರಡೂ ಇಲ್ಲ. ಆದ್ದರಿಂದ ನಾಲ್ಕು ಓಟಿನ ಶುಕ್ರವಾರ ಗ್ರಾಹ್ಯ, ಐದು ಓಟಿನ ಶನಿವಾರ ತ್ಯಾಜ್ಯ. ಐದನೆಯವನು ಕವಳ ಹಾಕುತ್ತ ಆಟಗಾರರ ಹಿಂದೆ ಕೂತು, ಒಬ್ಬೊಬ್ಬರ ಎಲೆ ನೋಡಿ ಹುಬ್ಬು ಏರಿಸುತ್ತಾನೆ. ಆ ಹುಬ್ಬಿನಿಂದ ಮುರಿದ ಭಾವ-ಬಾಂಧವ್ಯಗಳ ವಿಚಾರಕ್ಕೆ ಪ್ರತ್ಯೇಕ ಗ್ರಂಥವೇ ಬೇಕು.

ಇನ್ನು ಫ್ರಾನ್ಸಿನ ಕೊಂಡೊರ್ಸೆ. ಬಹುಮತಕ್ಕೆ ಶುಕ್ರವಾರಕ್ಕಿಂತ ಶನಿವಾರ, ಶನಿವಾರಕ್ಕಿಂತ ಭಾನುವಾರ, ಭಾನುವಾರಕ್ಕಿಂತ ಮತ್ತೆ ಶುಕ್ರವಾರವೇ ಮೇಲೆನಿಸಿ ಮತದಾನ ಗಾಣ ಸುತ್ತಬಹುದೆಂಬ ಗುಟ್ಟನ್ನು 1785ರಲ್ಲೇ ಅವನು ತೋರಿಸಿದ. ಪಾಪ, ಅವನಿಗೆ ಕೊನೆಗೌಡನ ಪರಿಚಯವಿರಲಿಲ್ಲ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಆಸಾಮಿ ಮಂಗಳವಾರ ಬರುತ್ತೇನೆಂದು ಗುರುವಾರ ಬಂದರೆ, ಅಂದು ರಾತ್ರಿ ಅಡಿಕೆ ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು. ಬಿದ್ದ ಓಟೆಲ್ಲ ಒಲೆಗೆ. ಮಳೆಗಾಲದಲ್ಲಾದರೂ ಬಿಡುವುಂಟೇ? ಹೊಳವಾದ ದಿನ ಕೊಳೆಮದ್ದು ಹೊಡೆಯಬೇಕು, ಹೊಳವಾಗದ ದಿನ ಕರೆಂಟಿಲ್ಲ, ಕರೆಂಟಿಲ್ಲದ ದಿನ ನೆಟ್‌ವರ್ಕ್ ಇಲ್ಲ.

ಮತದಾರನ ಲಕ್ಷಣ ಹೀಗೆ. ಯಾರು ಯಾವುದಕ್ಕೆ ಒತ್ತಿದರೆಂದು ಎಲ್ಲರಿಗೂ ಕಾಣುವುದರಿಂದ ಮೊದಲು ಯಾರೂ ಒತ್ತುವುದಿಲ್ಲ. ಒತ್ತುವ ಬದಲು ‘ಅಡ್ಡಿಲ್ಲೆ’ ಎಂದು ಬರೆಯುತ್ತಾರೆ. ಯಾವ ದಿನಕ್ಕೆ ಅಡ್ಡಿಯಿಲ್ಲ ಎಂದು ಕೇಳಿದರೆ ‘ನೋಡನ’. ಹಿರಿಯರೊಬ್ಬರು ಹನ್ನೆರಡಕ್ಕೂ ಒತ್ತಿ, ಯಾವುದಕ್ಕೂ ಬರಲಾಗುವುದಿಲ್ಲವೆಂದು ವಾಯ್ಸ್ ಮೆಸೇಜ್ ಕಳಿಸಿದ್ದುಂಟು. ಅವರ ಪ್ರಕಾರ ಓಟು ಎಂದರೆ ಆಶೀರ್ವಾದ.

ಆದರೂ ಆಟದ ಗುಣ ಪ್ರಜಾಪ್ರಭುತ್ವಕ್ಕೆ ಹತ್ತಿರವೇ. ಇಪ್ಪತ್ತೆಂಟರಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ರಾಜ-ರಾಣಿಯರಿಗೆ ಸೊನ್ನೆ. ಇಂಥ ಆಟ ಆಡುವವರು ದಿನ ಗೊತ್ತುಮಾಡಲು ಏಕೆ ಸೋಲುತ್ತಾರೆ?

ಸಿದ್ಧಾಂತ ಇಲ್ಲಿದೆ. ಇದೇ ಆಟದಲ್ಲಿ ತುರುಪಿನ ಎಲೆಯನ್ನು ಕವುಚಿ ಇಡುತ್ತಾರೆ. ಕೇಳುವವರೆಗೆ ಅದು ಯಾವ ಜಾತಿಯೆಂದು ಇಟ್ಟವನ ಹೊರತು ಯಾರಿಗೂ ತಿಳಿಯದು. ದಿನ ನಿಶ್ಚಯದ ತುರುಪು ಮನೆಯ ಅತ್ತಿಗೆ. ಅವರು ಗ್ರೂಪಿನಲ್ಲಿಲ್ಲ. ಆದರೆ ನಡುರಾತ್ರಿ ಅವಲಕ್ಕಿ, ಅಪ್ಪೆಹುಳಿ, ಎರಡು ಸಲ ಚಾ ಅವರ ಒಲೆಯಿಂದಲೇ ಬರಬೇಕು. ಹತ್ತು ಓಟು ಬಿದ್ದ ದಿನಕ್ಕೆ ಅವರು ‘ಅವತ್ತು ಯಂಗೆ ತವರಿಗೆ ಹೋಪದಿದ್ದು’ ಎಂದರೆ ಅಲ್ಲಿಗೆ ಎಲ್ಲರ ಎಲೆಯೂ ಕತ್ತರಿಸಿತು.

ಪೋಲಿನಲ್ಲಿ ಅತ್ತಿಗೆಯನ್ನೂ ಸೇರಿಸಬಹುದಲ್ಲ ಎಂದು ಆಕ್ಷೇಪಿಸಬಹುದು. ಸೇರಿಸಿದರೆ ಚಾ ಮಾಡುವವರು ಯಾರೆಂದು ಎರಡನೆಯ ಪೋಲ್ ಹಾಕಬೇಕಾಗುತ್ತದೆ. ಅದಕ್ಕೆ ಈವರೆಗೆ ಯಾವ ಗಂಡಸೂ ಅಡ್ಮಿನ್ ಆಗಿಲ್ಲ.

ಉಳಿದದ್ದು ಸಂಗತಿ. ಹಿಂದಿನ ಸಲ 12 ದಿನಗಳೂ ಹೀಗೇ ಕಳೆದವು. ಮಂಡಲ ಕೂತದ್ದು ಪಟ್ಟಿಯಲ್ಲೇ ಇಲ್ಲದ ಒಂದು ಸೋಮವಾರ, ಒಬ್ಬರ ಮನೆಯ ಸತ್ಯನಾರಾಯಣ ಕಥೆಗೆ ಹೋದವರು ಊಟದ ಮೇಲೆ ಏಳದೇ ಉಳಿದದ್ದರಿಂದ. ಬೆಳಗಿನ ಜಾವದವರೆಗೆ ಆಟ ನಡೆಯಿತು. ಮರುದಿನ ಪೋಲಿಗೆ ಹೊಸದೊಂದು ಓಟು ಬಿತ್ತು, ಮುಗಿದುಹೋದ ಶನಿವಾರಕ್ಕೆ. ಒತ್ತಿದವರು ರಾತ್ರಿಯಿಡೀ ಇಪ್ಪತ್ತರ ಮೇಲೇ ಕರೆದು ಸೋತವರು.