ಡಬ್ಬಿಂಗ್ ಬಾಕಿ

ಸಿನಿಮಾ ತೆರೆಗೆ ಬರುವ ಮೊದಲೇ ಅದರ ಕಥೆ ಕೆಡಿಸಿದ ಪ್ರೇಕ್ಷಕ ಕನ್ನಡನಾಡಿನಲ್ಲಿ ಇನ್ನೊಬ್ಬ ಇದ್ದಾನೋ ಇಲ್ಲವೋ, ನಮ್ಮ ನಂದಿಗುಡಿಯಲ್ಲಂತೂ ಒಬ್ಬನಿದ್ದಾನೆ. ನಿವೃತ್ತ ಕನ್ನಡ ಮೇಷ್ಟ್ರು. ಮಂಡಿ ನೋವು, ಸಕ್ಕರೆ ಕಾಯಿಲೆ, ಒಂದಿಷ್ಟು ಗದ್ದೆ, ಕೇಳದಿದ್ದರೂ ಮಾತಾಡುವ ಚಟ. ಕೊನೆಯದರಿಂದಲೇ ಇಷ್ಟೆಲ್ಲ ಆಗಿದ್ದು.

ಅಕ್ಕನ ಮಗ ಬೆಂಗಳೂರಿನಲ್ಲಿ ಸಿನಿಮಾ ಸಂಕಲನದ ಕೆಲಸದಲ್ಲಿದ್ದಾನೆ. ಒಂದು ದಿನ ಫೋನ್ ಮಾಡಿ, "ಮಾವ, ನಮ್ ಸಿನಿಮಾದ್ದು ರಫ್ ಕಟ್ ಆಗೈತಿ. ಬೆಂಗಳೂರಾಗೆ ಪ್ರಿವ್ಯೂ ಇಟ್ರೆ ಎಲ್ಲಾರೂ ಸೂಪರ್ ಅಂದು ಕಾಫಿ ಕುಡ್ದು ಹೋಗ್ತಾರೆ. ಹಳ್ಳಿ ಜನ ಏನಂತಾರೆ ನೋಡ್ಬೇಕಂತೆ ನಮ್ ಡೈರೆಕ್ಟ್ರಿಗೆ. ಊರಾಗೆ ತೋರ್ಸಾಣೇನು?" ಅಂದ. ಕಥೆ ಏನಪ್ಪ ಅಂದೆ. ಸ್ವಲ್ಪ ತಡೆದು, "ಬೇರೆ ಥರದ ಪ್ರೀತಿ" ಅಂದ.

ಬೇರೆ ಥರದ ಪ್ರೀತಿಯ ವಿಷಯದಲ್ಲಿ ನನ್ನ ಅನುಭವ ದೊಡ್ಡದು, ಎಲ್ಲವೂ ಟಾಕೀಸಿನಲ್ಲಿ ಆದದ್ದು. 1973ರಲ್ಲಿ ಪುಟ್ಟಣ್ಣನವರ 'ಎಡಕಲ್ಲು ಗುಡ್ಡದ ಮೇಲೆ' ಬಂದಾಗ ನಾನು ಹೈಸ್ಕೂಲು. ಭಕ್ತಿಚಿತ್ರ ಎಂದು ಅಪ್ಪನಿಂದ ದುಡ್ಡು ಇಸಿದುಕೊಂಡು ದಾವಣಗೆರೆಗೆ ಹೋಗಿ, ಗಂಡನಿದ್ದೂ ಒಂಟಿಯಾದ ಜಯಂತಿಯವರ ಮಾಧವಿಯನ್ನು ನೋಡಿ ಬಂದು, ರಾತ್ರಿ ಊಟ ಸೇರದೆ ಮಲಗಿದವನು. 1981ರಲ್ಲಿ ಹೊಸ ಹೆಂಡತಿಯನ್ನು ಹುಮ್ಮಸ್ಸಿನಿಂದ 'ರಂಗನಾಯಕಿ'ಗೆ ಕರೆದೊಯ್ದೆ. ತಾಯಿ ಎಂದು ತಿಳಿಯದೆ ಮಗ ಮೋಹಿಸುವ ಕಥೆ. ಬಸ್ಸು ಹರಿಹರ ದಾಟುವವರೆಗೆ ಆಕೆ ನನ್ನ ಜೊತೆ ಮಾತಾಡಲಿಲ್ಲ. ವಿಧವೆಯೊಬ್ಬಳ ದೇಹದ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ 2018ರ 'ನಾತಿಚರಾಮಿ'ಯನ್ನು ಮಗನ ಮೊಬೈಲಿನಲ್ಲಿ, ಕೋಣೆಯ ಚಿಲಕ ಹಾಕಿಕೊಂಡು ನೋಡಿದ್ದೇನೆ. ಇಂಥವನಿಗೆ ಕೇಳಿದರೆ ಬೇಡ ಅನ್ನುತ್ತಾನೆಯೇ? "ಕರ್ಕಂಬಾ ನಿಮ್ ಡೈರೆಕ್ಟ್ರನ್ನ" ಅಂದೆ.

ಭತ್ತ ಮಾರಿ ಖಾಲಿಯಾಗಿದ್ದ ನಮ್ಮ ಗೋಡೌನೇ ಥಿಯೇಟರಾಯಿತು. ಎರಡು ಹೊಸ ಪಂಚೆಗಳನ್ನು ಸೇರಿಸಿ ಹೆಂಡತಿ ಪರದೆ ಹೊಲಿದುಕೊಟ್ಟಳು. ಹೊಲಿಗೆ ಸರಿಯಾಗಿ ನಟ್ಟನಡುವೆ ಬಂದಿತ್ತು. ನಾಯಕ ನಾಯಕಿ ಎಲ್ಲಿ ನಿಂತರೂ ನಡುವೆ ಒಂದು ಗಡಿ. ನಿರ್ದೇಶಕ ಬಂದ. ಗಡ್ಡದ ಹುಡುಗ, ಮೆತ್ತನೆ ಮಾತು, ಹೆಗಲಿಗೆ ಖಾದಿ ಚೀಲ. ಆ ಚೀಲದಿಂದ ಒಂದು ಕಟ್ಟು ಫಾರಂ ತೆಗೆದು ನನ್ನ ಕೈಗಿಟ್ಟ. ಮೊದಲ ಪ್ರಶ್ನೆ: 'ಈ ಪ್ರೀತಿ ನಿಮಗೆ ಮುಜುಗರ ತಂದಿತೇ?' ಉತ್ತರಗಳು: 'ಸ್ವಲ್ಪ', 'ಬಹಳ', 'ಹೇಳಲಾರೆ'. 'ಇಲ್ಲ' ಎಂಬುದೇ ಇಲ್ಲ!

ನನಗೆ ಕಸಿವಿಸಿಯಾದದ್ದು ಇಲ್ಲೇ. ಹಳ್ಳಿಯವರೆಂದ ಮೇಲೆ ಮುಜುಗರಪಡಲೇಬೇಕು ಎಂದು ಬೆಂಗಳೂರಿನಲ್ಲೇ ಕೂತು ಇವರು ತೀರ್ಮಾನಿಸಿ ಆಗಿದೆ. ಎಷ್ಟು ಎಂಬ ಲೆಕ್ಕವಷ್ಟೇ ಬೇಕು. "ಅಲ್ಲಪ್ಪ, ನೀನು ಹರಿಹರದ ಮೇಲೇ ಬಂದೆಯಲ್ಲ, ದೇವಸ್ಥಾನ ನೋಡಿದೆಯಾ? ಅರ್ಧ ಹರಿ, ಅರ್ಧ ಹರ. ಇಬ್ಬರಲ್ಲಿ ಒಬ್ಬರಿಂದಲೂ ಸಾವಿಲ್ಲವೆಂದು ಗುಹಾಸುರ ವರ ಪಡೆದಿದ್ದಕ್ಕೆ ಒಂದೇ ಮೈಯಾಗಿ ಬಂದವರು. 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಗುಡಿ ಕಟ್ಟಿಸಿದ. ಎಂಟುನೂರು ವರ್ಷದಿಂದ ಕೈಮುಗಿಯುತ್ತಿದ್ದೇವೆ, ಯಾರೂ ಫಾರಂ ಹಂಚಿಲ್ಲ" ಅಂದೆ. ಹುಡುಗ "ವಾವ್ ಸರ್" ಎಂದು ಮೊಬೈಲಿನಲ್ಲಿ ಬರೆದುಕೊಂಡ. ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಹೇಳಿದ್ದನ್ನು ಬರೆದುಕೊಳ್ಳುವವರನ್ನು ಕಂಡರೆ ಮೇಷ್ಟ್ರ ಜಾತಿಯವರು ಕರಗಿಬಿಡುತ್ತೇವೆ.

ಕತ್ತಲಾಯಿತು, ಜನ ಸೇರಿದರು, ಮಂಡಕ್ಕಿ ಮೆಣಸಿನಕಾಯಿ ಬಂತು, ಸಿನಿಮಾ ಶುರುವಾಯಿತು. ಪರದೆಯ ಅಡಿಯಲ್ಲಿ ಸರಸರ ಅಂಕಿಗಳು ಓಡತೊಡಗಿದವು. ಅದೇನೆಂದು ಪಕ್ಕದವನು ಕೇಳಿದ. ಟೈಮ್ ಕೋಡ್ ಎಂದು ವಿವರಿಸುವ ಬದಲು "ಪ್ರೊಡ್ಯೂಸರ್ ಖರ್ಚಿನ ಮೀಟರು" ಅಂದೆ. ಅವನು ಅದನ್ನು ನಂಬಿ, ಸಿನಿಮಾ ಮುಗಿಯುವವರೆಗೂ ಅಂಕಿಗಳನ್ನೇ ನೋಡುತ್ತ ನಿಟ್ಟುಸಿರು ಬಿಟ್ಟ. ಡಬ್ಬಿಂಗ್ ಆಗಿರಲಿಲ್ಲ, ಚಿತ್ರೀಕರಣದ ಹೊತ್ತಿನ ಪೈಲಟ್ ಸೌಂಡೇ ಇತ್ತು. ಹಾಗಾಗಿ ಜನರೇಟರ್ ಗುಡುಗು, ಯಾರದೋ ಕೆಮ್ಮು, ನಡುನಡುವೆ ನಿರ್ದೇಶಕನ ದನಿ: "ಇನ್ನೂ ಹತ್ರ ಬನ್ನಿ ಮೇಡಂ." ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಿರ್ದೇಶಕ ಅದನ್ನು ಮುಜುಗರದ ಖಾತೆಗೆ ಬರೆದುಕೊಂಡನೆಂದು ಕಾಣುತ್ತದೆ.

ಕಥೆ ಇಷ್ಟು. ಹಿಟ್ಟಿನ ಗಿರಣಿ ನಡೆಸುವ ಅರವತ್ತರ ವಿಧವೆ, ಗಿರಣಿ ರಿಪೇರಿಗೆ ಬರುವ ನಲವತ್ತೆಂಟರ ಬ್ರಹ್ಮಚಾರಿ ಮೆಕ್ಯಾನಿಕ್ಕು. ಬೆಲ್ಟ್ ಹರಿಯುತ್ತದೆ, ಮನಸ್ಸು ಕೂಡುತ್ತದೆ, ಮದುವೆಯ ಮಾತಿಲ್ಲ.

ಆಗ ಹೊಳೆದಂಡೆಯ ದೃಶ್ಯ ಬಂತು. ಸಂಜೆ ಬಿಸಿಲು. ಆಕೆ ಬಂಡೆಯ ಮೇಲೆ ಕೂತಿದ್ದಾಳೆ, ಆತ ನಿಂತಿದ್ದಾನೆ, ನಡುವೆ ನನ್ನ ಹೆಂಡತಿಯ ಹೊಲಿಗೆ. ಆತ ಬಾಯಿ ತೆರೆದ, ಮಾತು ಬರಲಿಲ್ಲ. ಮೂಲೆಯಲ್ಲಿ 'ಡಬ್ಬಿಂಗ್ ಬಾಕಿ' ಎಂಬ ಅಕ್ಷರ. ಈ ದೃಶ್ಯದ ಪೈಲಟ್ ಸೌಂಡೂ ಗಾಳಿಗೆ ಹಾಳಾಗಿತ್ತಂತೆ, ಆಮೇಲೆ ತಿಳಿಯಿತು. "ಏನಂತೋ ಆತ?" ಎಂದು ಪಕ್ಕದಲ್ಲಿದ್ದ ಸೋದರತ್ತೆ ಕೇಳಿದಳು. ಎಂಬತ್ತು ದಾಟಿದ ಆಕೆಗೆ ಕಿವಿ ಮಂದ. ಮಾತು ಕೇಳದ್ದು ತನ್ನೊಬ್ಬಳಿಗೇ ಎಂದುಕೊಂಡಿದ್ದಳು. ಪಾಪ, ಬೇಜಾರಾಗಬಾರದೆಂದು "ಹೆಂಗಿದೀರಿ ಅಂತ ಕೇಳ್ತಾನೆ ಅತ್ತೆ" ಅಂದೆ. ಹಿಂದಿನಿಂದ ಯಾರೋ, "ಜೋರಾಗಿ ಹೇಳ್ರಿ ಮೇಷ್ಟ್ರೆ, ನಮಗೂ ಕೇಳಲಿ" ಅಂದರು.

ನಮ್ಮದು ನಾಟಕದ ಸೀಮೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದು; ಪ್ರತಿ ಹಳ್ಳಿಯಲ್ಲೂ ಜಾತ್ರೆಗೊಂದು ನಾಟಕ ಆಡಿದವರು ನಾವು. ಒಮ್ಮೆ ಊರ ನಾಟಕಕ್ಕೆ ಗೊತ್ತು ಮಾಡಿದ್ದ ನಟಿ ಕೊನೇ ಬಸ್ಸಿಗೂ ಬಾರದಿದ್ದಾಗ, ಮೀಸೆ ಮೂಡದ ಹುಡುಗ ಇವನೇ ಎಂದು ನನಗೆ ಸೀರೆ ಉಡಿಸಿದ್ದರು. ಆ ನಟಿ ಇಷ್ಟು ವರ್ಷ ಒಳಗೆಲ್ಲಿ ಅಡಗಿದ್ದಳೋ, ದಡಬಡ ಎದ್ದು ಬಂದಳು.

ಮೊದಲು ಮೆಕ್ಯಾನಿಕ್ಕಿನ ಮಾತು. ಗಡಸು ದನಿ ತೆಗೆದು "ಅಕ್ಕಾರೇ..." ಅಂದೆ. ಗೋಡೌನೆಲ್ಲ "ಥೂ, ಅಕ್ಕ ಅಂತಾನಲ್ರೀ" ಎಂದಿತು. ನ್ಯಾಯವೇ. ಹನ್ನೆರಡು ವರ್ಷ ದೊಡ್ಡವಳನ್ನು ನಮ್ಮ ಕಡೆ ಅಕ್ಕಾರೇ ಅನ್ನದೆ ಬೇರೇನು ಅನ್ನಬೇಕು? ಅಂದಮೇಲೆ ಪ್ರೀತಿ ಹೇಗೆ ಮುಂದುವರಿಯಬೇಕು? ಹೆಸರು ಹಿಡಿದು ಕರೆದರೆ ಉದ್ಧಟತನ, ಮೇಡಂ ಅಂದರೆ ಬ್ಯಾಂಕು, ಅಮ್ಮಾ ಅಂದರೆ 'ರಂಗನಾಯಕಿ'. ಇತ್ತ ಪರದೆಯ ಮೇಲೆ ಆತನ ತುಟಿ ಆಡುತ್ತಲೇ ಇದೆ, ತುಂಬಲು ನನ್ನಲ್ಲಿ ಸರಕಿಲ್ಲ. ಕೊನೆಗೆ "ಗಿರಣಿಯವ್ರೇ!" ಅಂದೆ. ಜನ ಒಪ್ಪಿದರು. "ಗಿರಣಿಯವ್ರೇ, ನಿಮ್ ಗಿರಣಿ ಕಲ್ಲು ಸವೆದ್ರೂ ನನ್ ಮನಸು ಸವೆಯಾದಿಲ್ರೀ" ಎಂದು ಬಿಟ್ಟೆ. ಶಿಳ್ಳೆ ಬಿತ್ತು.

ಶಿಳ್ಳೆ ಕೇಳಿದ ಕಿವಿಗೆ ಬುದ್ಧಿ ಎಲ್ಲಿ? ಆಕೆಯ ಸರದಿ ಬಂದಾಗ ದನಿ ಸಣ್ಣ ಮಾಡಿ, ಕಂಪನಿ ನಾಟಕದ ನಡುಕ ಬೆರೆಸಿ, ಗಂಡ ಸತ್ತ ರಾತ್ರಿಯಿಂದ ಶುರು ಮಾಡಿದೆ. ಪರದೆಯ ಮೇಲೆ ಆ ತಾಯಿ ಎರಡು ಮಾತಾಡಿ ಬಾಯಿ ಮುಚ್ಚಿದಳು. ನಾನು ಇನ್ನೂ ತಿಥಿಯವರೆಗೂ ಬಂದಿರಲಿಲ್ಲ. ನಿಲ್ಲಿಸಲೇ? ಹೇಗೆ ನಿಲ್ಲಿಸಲಿ, ಹೆಂಗಸರ ಕಡೆ ಮೂಗು ಸೀನುವ ಸದ್ದು ಕೇಳುತ್ತಿದೆ! ಮುಚ್ಚಿದ ಬಾಯಿಯಿಂದಲೇ ಮಾತು ಹರಿಯಿತು. ಜನ ಅದನ್ನು ಸ್ವಗತ ಎಂದು ತಿಳಿದರು. ನಾಟಕ ನೋಡಿ ಬೆಳೆದವರಿಗೆ ಅಷ್ಟು ಗೊತ್ತಾಗದೇ? ಜಪಾನಿನಲ್ಲಿ ಮೂಕಿ ಚಿತ್ರಗಳ ಕಾಲಕ್ಕೆ ಬೆನ್ಷಿ ಎಂಬವರು ಪರದೆ ಪಕ್ಕದಲ್ಲಿದ್ದು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರಂತೆ, ಜನ ನಟರಿಗಿಂತ ಅವರ ಹೆಸರು ನೋಡಿ ಟಿಕೇಟು ಕೊಳ್ಳುತ್ತಿದ್ದರಂತೆ. ಕನ್ನಡ ಸಿನಿಮಾಕ್ಕೆ 'ಸತಿ ಸುಲೋಚನ' ಮಾತು ಕೊಟ್ಟದ್ದು 1934ರಲ್ಲಿ. ನಮ್ಮ ಗೋಡೌನಿನಲ್ಲಿ ನಾನು ಎರಡನೇ ಸಲ ಕೊಟ್ಟೆ.

ಆತ ಉತ್ತರಿಸಿದ. "ಈ ತುಂಗಭದ್ರೆ ಆಣೆ, ಜನ್ಮದಾಗೆ ನಿಮ್ಮನ್ನ ಬಿಟ್ ಹೋಗಾದಿಲ್ಲ" ಎಂದು ನಾನು ಆಣೆ ಇಡಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಆ ಮಹಾನುಭಾವ ಬೆನ್ನು ತಿರುಗಿಸಿ ನಡೆದೇಬಿಟ್ಟ! ಎದೆ ಧಸಕ್ಕೆಂದಿತು. ಆಣೆ ಇನ್ನೂ ಬಿಸಿಯಾಗಿದೆ, ಗಿರಾಕಿ ದಂಡೆ ಹತ್ತುತ್ತಿದ್ದಾನೆ. ಜನ ನನ್ನ ಕಡೆ ತಿರುಗಿದರು. ಏನಾದರೂ ಹೇಳಲೇಬೇಕು. "ಇಲ್ಲೇ ಇರ್ರಿ, ಬೀಡಿ ತಗಂಡ್ ಬರ್ತೀನಿ" ಅಂದೆ.

ಅದು ಅವರಿಬ್ಬರೂ ಬೇರೆಯಾಗುವ ದೃಶ್ಯ. ಸಿನಿಮಾದ ಜೀವವೇ ಅದಂತೆ. ನಿರ್ದೇಶಕ ಬರೆದಿದ್ದ ಮಾತು ಐದೋ ಆರೋ, ಒಂದೊಂದಕ್ಕೂ ಒಂದೊಂದು ತಿಂಗಳು ತಿಣುಕಿದ್ದನಂತೆ. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೆರೆಹಾವು ಮಾಡಿದರೆಂದು ಪಕ್ಕದ ದುರ್ಗದ ತ.ರಾ.ಸು. ನೊಂದುಕೊಂಡ ಮಾತು ಪ್ರಸಿದ್ಧ. ನಾನು ಎರೆಹುಳು ಮಾಡಿಟ್ಟಿದ್ದೆ.

ಮುಂದಿನ ದೃಶ್ಯದಲ್ಲಿ ಸೌಂಡು ಇತ್ತು, ಇಬ್ಬರಿಗೂ ಮಾತಿರಲಿಲ್ಲ. "ಬೀಡಿ ತರಾಕೆ ಹೋದಾನು ಯಾಕೆ ಮುನಿಸ್ಕೊಂಡ?" ಎಂದು ಒಬ್ಬ ಕೇಳಿದ. "ಅಂಗಡಿ ಬಾಗಿಲು ಹಾಕಿರಬೇಕು" ಎಂದ ಇನ್ನೊಬ್ಬ. ಆಮೇಲೆ ಆಕೆ ಅತ್ತಾಗಲೆಲ್ಲ ಊರು ಬೀಡಿಗೆ ಶಾಪ ಹಾಕಿತು.

ಕೊನೆಯ ರೀಲಿನಲ್ಲಿ ಆತ ಟ್ರಂಕು ಹೊತ್ತು ಅವಳ ಮನೆಗೇ ಬಂದುಬಿಡುತ್ತಾನೆ. ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಗಂಡಸರಲ್ಲಿ ಹತ್ತಾರು ಮಂದಿ ಧಡಾರನೆ ಎದ್ದು ಹೊರನಡೆದರು. ನಿರ್ದೇಶಕನ ಮುಖ ಬಿಳಿಚಿತು. ಆದರೂ ಕಣ್ಣಲ್ಲಿ ಸಣ್ಣ ತೃಪ್ತಿ. ಪ್ರತಿಭಟನೆ! ಸಭಾತ್ಯಾಗ! ಅಸಲು ಏನೆಂದರೆ ತ್ರೀ ಫೇಸ್ ಕರೆಂಟು ಬಂದಿತ್ತು. ಭದ್ರಾ ಚಾನಲ್ಲಿನ ಕೊನೇ ಭಾಗದವರು ನಾವು, ನೀರು ತಲುಪಿದರೆ ಪುಣ್ಯ, ಇಲ್ಲವಾದರೆ ಬೋರೇ ಗತಿ. ಮೋಟರಿಗೆ ಆಟೋ ಸ್ಟಾರ್ಟರ್ ಇದ್ದವರು ಕೂತೇ ಇದ್ದರು, ಇಲ್ಲದವರು ಓಡಿದರು. ನಿರ್ದೇಶಕನ ಲೆಕ್ಕದಲ್ಲಿ ನಂದಿಗುಡಿಯಲ್ಲಿ ಆಟೋ ಸ್ಟಾರ್ಟರ್ ಇರುವವರೆಲ್ಲ ಪ್ರಗತಿಪರರು.

ದೀಪ ಹಾಕಿದ ಮೇಲೆ ಆತ ಅತ್ತೆಯ ಮುಂದೆ ಮಂಡಿಯೂರಿ, "ಅಜ್ಜಿ, ವಯಸ್ಸಾದ ವಿಧವೆ ಹೀಗೆ ಮಾಡೋದು ನಿಮಗೆ ತಪ್ಪು ಅನಿಸಿತಾ?" ಎಂದು ಕಿವಿಯ ಹತ್ತಿರ ಕೂಗಿದ. ಅತ್ತೆ, "ಹೊಸದೇನಪ್ಪ ಇದು? ನಮ್ ಕಾಲದಾಗೆ ಉಡಿಕೆ ಅಂತ ಮಾಡ್ತಿದ್ರಲ್ಲ. ಕತ್ತಲಾದ ಮ್ಯಾಲೆ, ಬಾಜಾ ಬಜಂತ್ರಿ ಇಲ್ದಂಗೆ" ಅಂದಳು. ಆಮೇಲೆ ಪರದೆ ಕಡೆ ಕೈ ಮಾಡಿ, "ಇವನು ಹಗಲೊತ್ತು ಬಂದ್ನಲ್ಲ, ಅದು ಚಲೋ ಆತು" ಅಂದಳು.

ನನಗೆ ನಗಲಾಗಲಿಲ್ಲ. ಹಿಂದೆ ನಮ್ಮ ಕೇರಿಯಲ್ಲಿ ಉಡಿಕೆಯಾಗಿ ಬಂದ ಒಬ್ಬಾಕೆ ಇದ್ದಳು. ಯಾರ ಮನೆಯ ಮದುವೆಯಾದರೂ ರೊಟ್ಟಿ ತಟ್ಟಲು ಮೊದಲು ಅವಳಿಗೇ ಕರೆ. ಸುರಗಿ ಶಾಸ್ತ್ರಕ್ಕೆ, ಅರಿಶಿನಕ್ಕೆ ಹೆಂಗಸರು ಕೂಡುವ ಹೊತ್ತಿಗೆ "ನೀನು ಅತ್ಲಾಗಿರವ್ವ" ಎನ್ನುತ್ತಿದ್ದರು. ನಮ್ಮ ಮನೆಯಲ್ಲೂ ಅಂದಿದ್ದಾರೆ. ಪ್ರತಿ ಬಸವ ಜಯಂತಿಗೆ ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಬಗ್ಗೆ, ಅದಕ್ಕಾಗಿ ಕಲ್ಯಾಣ ಹೊತ್ತಿ ಉರಿದ ಬಗ್ಗೆ ಮೈಕಿನಲ್ಲಿ ಗಂಟಲು ಹರಿದುಕೊಳ್ಳುವವನು ನಾನೇ. ಆ ಹೆಂಗಸನ್ನು ಒಂದು ಸಲವೂ ಒಳಗೆ ಕರೆಯಿರೆಂದು ಯಾರಿಗೂ ಹೇಳಿದವನಲ್ಲ. ಈಗ ಕರೆಯಲು ಅವಳಿಲ್ಲ.

ಇರಲಿ, ಫಾರಂಗಳ ವಿಷಯ. ಮುಜುಗರದ ಪ್ರಶ್ನೆಯನ್ನು ಮುಕ್ಕಾಲು ಜನ ಮುಟ್ಟಿರಲೇ ಇಲ್ಲ. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಬರೆದಿದ್ದರು: 'ಗಿರಣಿ ಪಹಣಿ ಯಾರ ಹೆಸರಲ್ಲಿದೆ ಸ್ಪಷ್ಟಪಡಿಸಿ.' 'ಮಗ ಅಮೆರಿಕದಿಂದ ಬಂದು ತಕರಾರು ತೆಗೆದರೆ ಮುಂದೇನು?' 'ಧೂಮಪಾನದ ವಿರುದ್ಧ ಒಳ್ಳೆಯ ಸಂದೇಶ.' 'ಹೊಳೆದಂಡೆ ಡೈಲಾಗ್ ಸೂಪರ್, ಅಂಥವು ಇನ್ನೂ ನಾಲ್ಕು ಬೇಕು.' ಈ ಕೊನೆಯದನ್ನು ಬರೆದದ್ದು ನಾನಲ್ಲ, ಅಕ್ಷರ ಹೋಲಿಸಿ ನೋಡಬಹುದು.

ಹೊರಡುವಾಗ ಅಳಿಯ ನನ್ನ ಸಮಾಧಾನಕ್ಕೆಂದು ಆರ್ಸನ್ ವೆಲ್ಸ್ ಕಥೆ ಹೇಳಿದ. 1942ರಲ್ಲಿ ಆತನ 'ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್' ಚಿತ್ರವನ್ನು ಕ್ಯಾಲಿಫೋರ್ನಿಯಾದ ಪೊಮೋನಾ ಊರಲ್ಲಿ ಹೀಗೇ ಮೊದಲು ತೋರಿಸಿದಾಗ ಜನ ನಗಬಾರದ ಕಡೆ ನಕ್ಕರಂತೆ. ಸ್ಟುಡಿಯೋದವರು ಹೆದರಿ 40 ನಿಮಿಷಕ್ಕೂ ಹೆಚ್ಚು ಕತ್ತರಿಸಿ, ಕೊನೆಯನ್ನು ಸುಖಾಂತ ಮಾಡಿ ಮತ್ತೆ ಚಿತ್ರೀಕರಿಸಿದರಂತೆ. ವೆಲ್ಸ್ ಆಗ ದೂರದ ಬ್ರೆಜಿಲ್‌ನಲ್ಲಿದ್ದ. "ನಮ್ ಡೈರೆಕ್ಟ್ರು ಪಾಪ ಇಲ್ಲೇ ಇದ್ರು ಮಾವ" ಎಂದ.

ಮೊನ್ನೆ ಮತ್ತೆ ಫೋನ್ ಬಂತು. ಹೊಳೆದಂಡೆಯ ದೃಶ್ಯಕ್ಕೆ ಡಬ್ಬಿಂಗೇ ಬೇಡವಂತೆ, ಒಂದೂ ಮಾತಿಲ್ಲದೆ ಬಿಡುತ್ತಾರಂತೆ. ಫಾರಂನಲ್ಲಿ 'ಇಲ್ಲ' ಎಂಬ ಉತ್ತರವನ್ನೂ ಸೇರಿಸಿದ್ದಾರಂತೆ. ಎರಡನೆಯದಕ್ಕೆ ಸಂತೋಷಪಟ್ಟೆ. ಮೊದಲನೆಯದಕ್ಕೆ, ಸಂಭಾಷಣೆಕಾರನನ್ನು ಕೇಳದೆ ಹೇಗೆ ತೆಗೆದಿರಿ ಎಂದು ಜಗಳ ತೆಗೆದೆ. ಟೈಟಲ್ ಕಾರ್ಡಿನಲ್ಲಿ 'ಕೃತಜ್ಞತೆಗಳು' ಎಂದು ಹಾಕಿ ನನ್ನ ಹೆಸರು ಸೇರಿಸುವುದಾಗಿ ಅಳಿಯ ರಾಜಿಗೆ ಬಂದ. ಮಂಡಕ್ಕಿ ಮೆಣಸಿನಕಾಯಿಯವನ ಹೆಸರೂ ಅಲ್ಲೇ ಬರುತ್ತದಂತೆ. ಯಾರದು ಮೇಲೆ, ಯಾರದು ಕೆಳಗೆ ಎಂದು ಕೇಳಿದೆ. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟ.